ರಜೆಯ ಕೊಕ್ಕೆ

ಅಂಕಿಯೊಳಗಿನ ಅರಗು ಕರಗಿರಲಿಲ್ಲ.

ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದೆ. ಬಿಸ್ಕತ್ತಿನಷ್ಟು ಅಗಲದ ಹಿತ್ತಾಳೆ ಬಿಲ್ಲೆ. ನಡುವೆ ಕೊರೆದ ಒಂಬತ್ತು. ಕೊರೆದ ಗೆರೆಯೊಳಗೆ ಕೆಂಪು ಅರಗು, ತುಂಬಿದ ದಿನ ಹೇಗಿತ್ತೋ ಹಾಗೇ ನುಣ್ಣಗೆ ಕೂತಿತ್ತು.

ಅದೇ ಗಾಜಿನ ಪೆಟ್ಟಿಗೆಯಲ್ಲಿ, ಬಿಲ್ಲೆಯಿಂದ ಒಂದು ಗೇಣು ದೂರದಲ್ಲಿ, ಮೂರು ಹಿತ್ತಾಳೆ ಗುಂಡಿಗಳಿದ್ದವು. ಮೂರೂ ಕಪ್ಪಾಗಿದ್ದವು. ಒಂದು ಸೊಟ್ಟಗಾಗಿತ್ತು.

“ಈ ಗುಂಡಿ, ಈ ಬಿಲ್ಲೆ, ಎರಡೂ ಒಂದೇ ಕೋಟಿನವಾ?” ಎಂದು ಕೇಳಿದೆ.

“ಒಂದೇ ಕೋಟು ಸರ್. ಅಪ್ಪನದು,” ಎಂದಳು ಕೀಲಿಗೊಂಚಲು. “ಗುಂಡಿ ಎದೆ ಮೇಲಿನವು. ಬಿಲ್ಲೆ ಎದೆ ಜೇಬಲ್ಲೇ ಸಿಕ್ಕಿತಂತೆ.”

ಕೀಲಿಗೊಂಚಲು ಎಂಬುದು ನಾನಿಟ್ಟ ಹೆಸರು. ಈ ಹಳೆಯ ಅಗ್ನಿಶಾಮಕ ಠಾಣೆಯನ್ನು ಮ್ಯೂಸಿಯಂ ಮಾಡಿ, ಅದರ ಹದಿನಾಲ್ಕು ಬೀಗದ ಕೈಗಳನ್ನು ಅವಳ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಅವಳಿಗಿಂತ ಮೊದಲು ಅವಳ ಸದ್ದು ಬರುತ್ತದೆ. ಈಗ ಇಪ್ಪತ್ತೊಂಬತ್ತು ವರ್ಷ. ಅಪ್ಪ ಸತ್ತಾಗ ಏಳು.

ನನಗೂ ಒಂದು ಅಡ್ಡಹೆಸರಿದೆ, ಬೂದಿ ಸಾಹೇಬ. ಮೂವತ್ತು ವರ್ಷ ಸುಟ್ಟ ಮನೆಗಳ ಬೂದಿಯನ್ನು ಜರಡಿ ಹಿಡಿದು, ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು ಎಂದು ವರದಿ ಬರೆದವನು ನಾನು. ನಿವೃತ್ತಿಯಾದ ಮೇಲೂ ಹುಚ್ಚು ಬಿಡಲಿಲ್ಲ. ಪರದೇಶಕ್ಕೆ ಹೋದರೂ ಮೊದಲು ಕೇಳುವುದು ಅಗ್ನಿಶಾಮಕ ಠಾಣೆ ಎಲ್ಲಿದೆ ಎಂದು. ಈ ಸಲ ಹತ್ತು ಠಾಣೆ ನೋಡಲು ಹೊರಟವನು ಆರನೆಯದರಲ್ಲೇ ಮೂರು ದಿನದಿಂದ ಸಿಕ್ಕಿಕೊಂಡಿದ್ದೆ.

ಅರಗಿನ ಮನೆಯ ಕಥೆ ಕೇಳಿ ಬೆಳೆದವರಿಗೆ ಅರಗು ಬೆಂಕಿ ಕಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮೇಣದಬತ್ತಿಯ ಹತ್ತಿರ ಹಿಡಿದರೂ ಸಾಕು, ಇಳಿದುಹೋಗುತ್ತದೆ. ಹಿತ್ತಾಳೆಯ ಗುಂಡಿಯನ್ನೇ ಕರಿ ಮಾಡಿದ ಬೆಂಕಿ, ಅದರ ಪಕ್ಕದ ಜೇಬಿನಲ್ಲಿದ್ದ ಅರಗಿಗೆ ಮಾತ್ರ ಕೈಮುಗಿದು ಹೋಯಿತೇ?

“ಇದಕ್ಕೆ ಆಮೇಲೆ ಯಾರಾದ್ರೂ ಹೊಸ ಅರಗು ತುಂಬಿದ್ರಾ?”

“ಇಲ್ಲ ಸರ್. ಪೆಟ್ಟಿಗೆಗೆ ಆ ವರ್ಷವೇ ಮೊಳೆ ಹೊಡೆದ್ರು. ಇದಕ್ಕೆ ಕೀಲಿಯೇ ಇಲ್ಲ.”

“ಹಾಗಾದ್ರೆ ಕೇಳಮ್ಮ. ಈ ಬಿಲ್ಲೆ ಬೆಂಕಿಯೊಳಗೆ ಹೋಗೇ ಇಲ್ಲ.”

ಅವಳ ಸೊಂಟದ ಗೊಂಚಲು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

ಆ ಮಾತಿನ ತೂಕ ಅವಳಿಗೆ ಗೊತ್ತಿತ್ತು. ಬೆಂಕಿಯೊಳಗೆ ಹೋಗುವವನು ತನ್ನ ಬಿಲ್ಲೆಯನ್ನು ಬಾಗಿಲಲ್ಲಿ ಹಲಗೆ ಹಿಡಿದವರಿಗೆ ಒಪ್ಪಿಸಿ ಹೋಗಬೇಕು. ಅವರು ಅದನ್ನು ಕೊಕ್ಕೆಗೆ ತೂಗುಹಾಕುತ್ತಾರೆ. ಹೊರಗೆ ಬಂದವನು ತನ್ನ ಬಿಲ್ಲೆಯನ್ನು ತಾನೇ ತೆಗೆದುಕೊಳ್ಳಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಕೊಕ್ಕೆಗಳೆಲ್ಲ ಖಾಲಿಯಾದಾಗ ಹಲಗೆಯವರು “ಹಲಗೆ ಖಾಲಿ” ಎಂದು ಕೂಗುತ್ತಾರೆ. ಎಲ್ಲರೂ ಹೊರಗಿದ್ದಾರೆ ಎಂದು ಅದರರ್ಥ. ಆ ಕೂಗಿನ ಮೇಲೆ ಜೀವಗಳು ನಿಂತಿರುತ್ತವೆ.

ಗಾಜಿನ ಪೆಟ್ಟಿಗೆಯ ಕೆಳಗೆ ಅಂಟಿಸಿದ್ದ ಚೀಟಿ ಹೀಗಿತ್ತು: “ಬಿಲ್ಲೆ ಒಪ್ಪಿಸದೆ ಒಳಗೆ ನುಗ್ಗಿ ಮಡಿದ ಸ್ವಯಂಸೇವಕನ ಜೇಬಿನಲ್ಲಿ ದೊರೆತದ್ದು.”

ಇಪ್ಪತ್ತೆರಡು ವರ್ಷ ಆ ಸಾಲು ಅಲ್ಲೇ ಇತ್ತು. ಕೆಲಸಕ್ಕೆ ಸೇರಿದ ದಿನದಿಂದ ಆ ಗಾಜನ್ನು ಒರೆಸುತ್ತಿದ್ದವಳು ಮಗಳು. ಅವಳಿಗೆ ಬೇಕಾಗಿದ್ದುದು ಒಂದೇ. ಹಿತ್ತಲಿನಲ್ಲಿ ಹೊಸದಾಗಿ ನಿಲ್ಲಿಸಿದ್ದ ಕಲ್ಲುಗೋಡೆಯ ಮೇಲೆ ಅಪ್ಪನ ಹೆಸರು. ಬಿಲ್ಲೆ ಒಪ್ಪಿಸಿ ಹೋಗಿ ಮಡಿದವರಿಗೆ ಮಾತ್ರ ಅಲ್ಲಿ ಜಾಗ. ಕಲ್ಲು ಕೆತ್ತುವವನು ಅಂದು ಸಂಜೆಯೇ ಕೆಲಸ ಮುಗಿಸಿ ಬೇರೆ ಊರಿಗೆ ಹೋಗುವವನಿದ್ದ. ನಾಲ್ಕು ಗಂಟೆಗೆ ಸಮಿತಿ ಸೇರುತ್ತಿತ್ತು. ನಾನು ಬರೆದುಕೊಟ್ಟರೆ ಹೆಸರು ಏರುತ್ತಿತ್ತು, ಇಲ್ಲದಿದ್ದರೆ ಇಲ್ಲ.

“ಈಗಲೇ ಬರೆದುಕೊಡ್ತೀರಾ ಸರ್?”

“ಅರ್ಧ ಬರೆಯಬಲ್ಲೆ. ಬಿಲ್ಲೆ ಜೇಬಲ್ಲಿ ಇರಲಿಲ್ಲ ಅಂತ. ಎಲ್ಲಿತ್ತು ಅಂತ ಕೇಳಿದ್ರೆ?”

ಅವಳು ಗೋಡೆಯ ಮೇಲಿನ ದೊಡ್ಡ ಫೋಟೊ ಕಡೆಗೆ ನೋಡಿದಳು. ನಾನೂ ನೋಡಿದೆ.

ಅದು ಆ ದಿನದ್ದೇ. ಸ್ಟುಡಿಯೋದವನೊಬ್ಬ ರಸ್ತೆಯ ಆಚೆಯಿಂದ ತೆಗೆದದ್ದು. ಕಾಗದದ ಗೋದಾಮು ಉರಿಯುತ್ತಿದೆ, ಚಾವಣಿ ಇನ್ನೂ ನಿಂತಿದೆ. ಏಳು ಜನ ಮುಖವಾಡ ಕಳಚಿ ರಸ್ತೆಯಲ್ಲಿ ಕೂತಿದ್ದಾರೆ. ಸಂಬಳದ ಸಿಬ್ಬಂದಿ ಇಲ್ಲದ ಊರು ಅದು; ಗಂಟೆ ಬಾರಿಸಿದರೆ ಬಡಗಿ ಉಳಿ ಬಿಟ್ಟು, ಬೇಕರಿಯವನು ಒಲೆ ಬಿಟ್ಟು ಓಡಿಬರುತ್ತಿದ್ದರು. ಗಾಡಿಯ ಚಕ್ರಕ್ಕೆ ಒರಗಿಸಿದ ಹಲಗೆ ಕಾಣುತ್ತಿತ್ತು. ಎಂಟು ಕೊಕ್ಕೆಗಳು ಸಾಲಾಗಿ, ಒಂದು ಮಾತ್ರ ಬಲತುದಿಯಲ್ಲಿ, ಸಾಲಿಗಿಂತ ಮೇಲೆ, ಬೇರೆಯಾಗಿ.

ಸ್ಟೂಲು ಹತ್ತಿ ಭೂತಗನ್ನಡಿ ಹಿಡಿದೆ. ಸಾಲಿನ ಎಂಟೂ ಖಾಲಿ. ತುದಿಯ ಕೊಕ್ಕೆಯಲ್ಲಿ ಒಂದು ಬಿಳಿ ಚುಕ್ಕೆ.

“ಇದೇನು?”

“ಅದು ಬಿಸಿಲು ಹೊಡೆದ ಮೊಳೆ ಅಂತ ಎಲ್ಲರೂ ಹೇಳ್ತಾರೆ.”

“ಮೊಳೆ ಅಲ್ಲಮ್ಮ. ಬಿಲ್ಲೆ. ಬೆನ್ನು ಮುಂದೆ ಮಾಡಿ ಹಾಕಿದ್ದಾರೆ. ಅಂಕಿ ಹಲಗೆ ಕಡೆಗಿದೆ.”

ಅವಳು ಸ್ಟೂಲಿನ ಹತ್ತಿರ ಬಂದಳು. “ಅದು ರಜೆಯ ಕೊಕ್ಕೆ ಸರ್. ಊರು ಬಿಟ್ಟು ಹೋಗೋರು ತಮ್ಮ ಬಿಲ್ಲೆ ತಿರುಗಿಸಿ ಅಲ್ಲಿ ಹಾಕಿ ಹೋಗ್ತಿದ್ರು. ಇವತ್ತು ಇವರನ್ನ ಲೆಕ್ಕಕ್ಕೆ ತಗೋಬೇಡಿ ಅಂತ. ಅಪ್ಪ ಅವತ್ತು ಬೆಳಿಗ್ಗೆ ಬಸ್ಸಿಗೆ ಹೊರಟಿದ್ರು. ಬಸ್ಸು ಹೊರಡೋ ಮೊದಲೇ ಗಂಟೆ ಬಾರಿಸಿದ್ರು.”

ಬದುಕಿದವರ ರಜೆಯನ್ನೂ ಬೆಂಕಿಯೊಳಗಿನವರ ಜೀವವನ್ನೂ ಒಂದೇ ಹಲಗೆಯ ಮೇಲೆ ತೂಗುಹಾಕುವ ಜಾಣತನವನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಅತಿ ಜಾಣ ಮೂರು ಕಡೆ ಕೆಟ್ಟ ಎನ್ನುವುದು ಸುಮ್ಮನಲ್ಲ. ಒಳಗೆ ಹೋದವನ ಬಿಲ್ಲೆ ಆ ಕೊಕ್ಕೆಯಲ್ಲೇ ಉಳಿದರೆ, ನೋಡಿದವರ ಕಣ್ಣು ಅಭ್ಯಾಸದಿಂದ ಅದನ್ನು ದಾಟಿ ಹೋಗುತ್ತದೆ.

“ಅವತ್ತು ಹಲಗೆ ಹಿಡಿದಿದ್ದು ಯಾರು?”

“ಗೊತ್ತಿಲ್ಲ. ಕಾಗದಪತ್ರದಲ್ಲಿ ಆ ಜಾಗ ಖಾಲಿ ಇದೆ. ದೊಡ್ಡಪ್ಪನ್ನ ಕೇಳಿದ್ರೆ ಹೊಗೇಲಿ ನೆನಪಿಲ್ಲ ಅಂತಾರೆ. ಅಮ್ಮ ಠಾಣೆ ಫೋನಿನ ಹತ್ತಿರ ಇದ್ದಳಂತೆ, ಅವಳು ಏನೂ ಹೇಳಲ್ಲ. ಈ ಕೋಣೆಗೆ ಅವಳು ಇದುವರೆಗೂ ಕಾಲಿಟ್ಟಿಲ್ಲ.”

ಅಮ್ಮ ಹೊರಗಡೆ ಟಿಕೆಟ್ ಕಿಟಕಿಯ ಹಿಂದೆ ಕೂರುತ್ತಿದ್ದ ಮುದುಕಿ. ಮೂರು ದಿನವೂ ನಾನು ಟಿಕೆಟ್ ತೆಗೆದುಕೊಂಡೇ ಒಳಗೆ ಬಂದಿದ್ದೆ. ಮೂರು ದಿನವೂ ಅವರು ತಲೆ ಎತ್ತಿರಲಿಲ್ಲ.

ದೊಡ್ಡಪ್ಪ ಎಂದರೆ ಸ್ವಂತ ದೊಡ್ಡಪ್ಪನಲ್ಲ. ಆಗಿನ ದಳದ ಮುಖ್ಯಸ್ಥ, ಈಗಿನ ಸಮಿತಿಯ ಅಧ್ಯಕ್ಷ. ಅಪ್ಪನಿಲ್ಲದ ಮಗುವಿಗೆ ಸೈಕಲ್ ಕಲಿಸಿದವರು, ಜ್ವರ ಬಂದಾಗ ರಾತ್ರಿ ಪಕ್ಕದಲ್ಲಿ ಕೂತವರು. ಕಸುಬಿನಿಂದ ಕನ್ನಡಕದ ಅಂಗಡಿಯವರು.

ನನ್ನ ಕನ್ನಡಕದ ತಿರುಪು ಸಡಿಲವಾಗಿತ್ತು. ಆಗಿರದಿದ್ದರೂ ಸಡಿಲ ಮಾಡಿಕೊಂಡು ಹೋಗುತ್ತಿದ್ದೆ.

*

ಅಂಗಡಿ ಎರಡು ಬೀದಿ ಆಚೆಗಿತ್ತು. ದಾರಿಯಲ್ಲಿ ಹೊಸ ಠಾಣೆ ಸಿಕ್ಕಿತು. ಅಂಗಳದಲ್ಲಿ ಇಬ್ಬರು ಹುಡುಗರು ಹೋಸ್ ಪೈಪು ಸುತ್ತುತ್ತಿದ್ದರು. ಬೇರೆ ದಿನವಾಗಿದ್ದರೆ ನಿಂತು ನೋಡುತ್ತಿದ್ದೆ. ಎದುರಿನ ಬೆಂಚು ಖಾಲಿಯಿತ್ತು.

ನನ್ನ ಹೆಂಡತಿ ಇದ್ದಾಗ ಅಂಥ ಬೆಂಚುಗಳ ಮೇಲೆ ಕೂರುತ್ತಿದ್ದಳು. “ಜನ ಪರದೇಶಕ್ಕೆ ಬಂದ್ರೆ ಸಮುದ್ರ ನೋಡ್ತಾರೆ, ಅರಮನೆ ನೋಡ್ತಾರೆ. ನೀವು ಪೈಪು ನೋಡಿ, ನಾನು ಚಪ್ಪಲಿ ಕಾಯ್ತೀನಿ,” ಎಂದು ರೇಗಿಸುತ್ತಿದ್ದಳು. ಹೋಗಿ ಎರಡು ವರ್ಷವಾಯಿತು. ಹೋಟೆಲಿನವರು ಈಗಲೂ ಎರಡು ಟವೆಲ್ ಇಡುತ್ತಾರೆ. ಒಂದನ್ನು ನಾನು ಮಡಿಕೆ ಬಿಚ್ಚದೆ ಬಿಡುತ್ತೇನೆ. ಇಲ್ಲಿನವರ ಜೊತೆ ನಾನಾಡುವುದು ಇಬ್ಬರಿಗೂ ಅರ್ಧಂಬರ್ಧ ಬರುವ ಒಂದು ಭಾಷೆ. ಬರೆಯುವಾಗ ನನ್ನದರಲ್ಲೇ ಬರೆಯುತ್ತೇನೆ, ಏಕೆಂದರೆ ದಿನಕ್ಕೊಂದು ಫೋನು ಬಿಟ್ಟರೆ ಅದನ್ನಾಡಲು ಹತ್ತಿರದಲ್ಲಿ ಯಾರೂ ಇಲ್ಲ.

ಕನ್ನಡಕದ ಯಜಮಾನರು ಒಬ್ಬರೇ ಇದ್ದರು. ಎಪ್ಪತ್ತೈದರ ಮೇಲಿನ ವಯಸ್ಸು, ಕೈ ಮಾತ್ರ ಒಂದಿಷ್ಟೂ ನಡುಗುತ್ತಿರಲಿಲ್ಲ. ನನ್ನ ಕನ್ನಡಕ ತೆಗೆದುಕೊಂಡರು, ಎರಡು ಗಾಜನ್ನೂ ಬೆಳಕಿಗೆ ಹಿಡಿದು ನಾಲಿಗೆ ಲೊಚಗುಟ್ಟಿದರು.

“ಇದನ್ನ ಹಾಕ್ಕೊಂಡು ನೀವು ಪತ್ತೇದಾರಿ ಮಾಡ್ತೀರಾ? ಕೂತ್ಕೊಳ್ಳಿ, ಕಣ್ಣು ನೋಡೋಣ.”

ಹಿಂದಿನ ಕತ್ತಲ ಕೋಣೆಯ ಕುರ್ಚಿಯಲ್ಲಿ ಕೂರಿಸಿದರು. ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಏರಿತು. ಎದುರಿನ ಗೋಡೆಯಲ್ಲಿ ಅಕ್ಷರಗಳ ಹಲಗೆ ಬೆಳಗಿತು. ಅದನ್ನು ಬಿಟ್ಟರೆ ಎಲ್ಲವೂ ಮಸುಕು. ಅವರ ಮುಖ ಇದ್ದ ಕಡೆ ಒಂದು ಬೂದುಬಣ್ಣದ ಮುದ್ದೆಯಷ್ಟೇ ಕಾಣುತ್ತಿತ್ತು. ಆರೋಪಿಯ ಮುಖ ನೋಡದೆ ಪ್ರಶ್ನೆ ಕೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

“ಯಾವ ಸಾಲು ಓದ್ತೀರಿ?”

“ಮೇಲಿನ ಮೂರು.”

ಒಂದು ಗಾಜು ಬದಲಾಯಿತು. “ಈಗ?”

“ಐದು. ಯಜಮಾನರೇ, ಬೆನ್ನು ತಿರುಗಿಸಿ ಹಾಕಿದ ಬಿಲ್ಲೆ ಎಷ್ಟು ದೂರದಿಂದ ಕಾಣುತ್ತೆ?”

ಮುಂದಿನ ಗಾಜು ಚೌಕಟ್ಟಿನ ಅಂಚಿಗೆ ತಾಗಿ ನಿಂತಿತು. ಒಳಗೆ ಇಳಿಯಲಿಲ್ಲ.

“ಅರಗು ನೋಡಿದ್ರಾ?” ಎಂದರು ಕೊನೆಗೆ.

“ನೋಡಿದೆ.”

“ಇಪ್ಪತ್ತೆರಡು ವರ್ಷ. ಎಷ್ಟೋ ಜನ ಆ ಪೆಟ್ಟಿಗೆ ಮುಂದೆ ನಿಂತು ಹೋದ್ರು. ಯಾರಾದರೊಬ್ಬ ಬರ್ತಾನೆ ಅಂತ ಗೊತ್ತಿತ್ತು.” ಗಾಜನ್ನು ಒಳಗೆ ಇಳಿಸಿದರು. “ಈಗ ಓದಿ.”

“ಈಗ ಏನೂ ಕಾಣ್ತಿಲ್ಲ.”

“ಹೌದು, ತಪ್ಪು ಗಾಜು. ಬಿಲ್ಲೇನ ಜೇಬಿಗೆ ಹಾಕಿದ್ದು ನಾನೇ. ಶವಾಗಾರದಲ್ಲಿ. ಸಾಕಾ?”

“ಸಾಲದು. ಯಾಕೆ?”

“ಹಲಗೆ ಹಿಡಿದವರನ್ನ ಉಳಿಸೋಕೆ.”

“ಯಾರು ಹಿಡಿದಿದ್ದು?”

ಕುರ್ಚಿ ಎಳೆದ ಸದ್ದಾಯಿತು. ಅವರು ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಆದರೂ ಮುಖ ಮಸುಕೇ.

“ಅವನ ಹೆಂಡತಿ.”

ಮೂಗಿನ ಮೇಲಿನ ಚೌಕಟ್ಟಿಗೆ ಕೈ ಹಾಕಿದೆ; ಅವರು ನನ್ನ ಕೈಯನ್ನು ಕೆಳಗಿಳಿಸಿದರು.

“ಫೋನೂ ಅವಳೇ, ಹಲಗೇನೂ ಅವಳೇ. ಅವನು ಬಸ್ ಬಿಟ್ಟು ಓಡಿಬಂದ, ಎಲ್ಲರಿಗಿಂತ ಮೊದಲು ಒಳಗೆ ಹೋದ. ಅವಳು ಬಿಲ್ಲೇನ ರಜೆ ಕೊಕ್ಕೆಯಿಂದ ತೆಗೆದು ಸಾಲಿಗೆ ಹಾಕೋದು ಮರೆತಳು. ಅಷ್ಟೇ. ಉಳಿದೋರೆಲ್ಲ ಬಂದ್ರು, ಸಾಲು ಖಾಲಿ ಆಯ್ತು, ‘ಹಲಗೆ ಖಾಲಿ’ ಅಂತ ಕೂಗಿದಳು. ನಾನು ನೀರನ್ನ ಪಕ್ಕದ ಮನೆ ಕಡೆ ತಿರುಗಿಸಿದೆ. ಹತ್ತು ನಿಮಿಷಕ್ಕೆ ಚಾವಣಿ ಬಿತ್ತು.”

“ಅವನು ಒಳಗಿದ್ದಾನೆ ಅಂತ ಬೇರೆ ಯಾರಿಗೂ ಗೊತ್ತಿರಲಿಲ್ವಾ?”

“ಹೊಗೇಲಿ ಯಾರು ಯಾರನ್ನ ನೋಡ್ತಾರೆ ಸಾಹೇಬ್ರೇ? ಅದಕ್ಕೇ ತಾನೇ ಹಲಗೆ ಇರೋದು.”

ಅದು ನಿಜ. ನಾನೂ ಎಷ್ಟೋ ವರದಿಯಲ್ಲಿ ಅದನ್ನೇ ಬರೆದಿದ್ದೆ.

“ಸತ್ತೋನು ಸತ್ತ,” ಎಂದರು ಅವರು. “ಮನೇಲಿ ಏಳು ವರ್ಷದ ಮಗು. ಅಮ್ಮನ ಕೈತಪ್ಪಿಂದ ಅಪ್ಪ ಸತ್ತ ಅಂತ ಗೊತ್ತಾಗಿ ಅದು ಬೆಳೀಬೇಕಿತ್ತಾ? ಸತ್ತೋನ ಮೇಲೆ ತಪ್ಪು ಹೊರಿಸಿದೆ. ಅವನಿಗೆ ಭಾರ ಆಗಲ್ಲ ಅಂತ. ನೀವು ಬರೀರಿ, ನಾನು ಬೇಡ ಅನ್ನಲ್ಲ. ಆ ಹುಡುಗಿಗೆ ಅಪ್ಪನ ಹೆಸರು ಕೊಟ್ಟು ಅಮ್ಮನ್ನ ಕಿತ್ಕೊಳ್ಳಿ.”

ಚೌಕಟ್ಟು ತೆಗೆದು ನನ್ನ ಕನ್ನಡಕವನ್ನು ಮೂಗಿಗೇರಿಸಿದರು. ತಿರುಪು ಬಿಗಿಯಾಗಿತ್ತು. ಆಗ ಅವರ ಮುಖ ಕಂಡಿತು. ಅಳುತ್ತಿರಲಿಲ್ಲ, ನಗುತ್ತಿರಲಿಲ್ಲ. ಗಿರಾಕಿಯನ್ನು ಬೀಳ್ಕೊಡುವ ಅಂಗಡಿಯವರ ಮುಖ ಅದು.

“ನಾಲ್ಕು ಗಂಟೆಗೆ ಬರ್ತೀನಿ,” ಎಂದರು.

*

ಹೊಸ ಠಾಣೆಯ ಎದುರಿನ ಬೆಂಚಿನಲ್ಲೇ ಕೂತೆ. ಗಂಟೆ ಮೂರು. ಅಕ್ಕನಿಗೆ ಫೋನು ಮಾಡಿದೆ. ನನ್ನ ಅಕ್ಕನಿಗೆ ಎಂಬತ್ತು. ಪ್ರಪಂಚದಲ್ಲಿ ನನ್ನನ್ನು ಇನ್ನೂ ಬೈಯುವ ಒಂದೇ ಜೀವ.

“ಊಟ ಮಾಡಿದ್ಯಾ?”

“ಇಲ್ಲ ಅಕ್ಕ. ಒಂದು ವಿಷಯ ಕೇಳು.”

ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ, ಅದೇ ಒಂದು ಆಶ್ಚರ್ಯ.

“ಊರ ಉಸಾಬರಿ ನಿಂಗ್ಯಾಕೆ ಅಂತ ಹೇಳೋ ಹಂತ ದಾಟಿಹೋಗಿದೆ,” ಎಂದಳು. “ಬರೆದ್ರೂ ಒಂದು ಮನೆ ಒಡೀತೀಯ, ಬರೀದಿದ್ರೂ ಒಡೀತೀಯ. ಇಷ್ಟೆಲ್ಲ ಆ ಕನ್ನಡಕದೋನ ಮಾತು. ಆ ತಾಯಿ ಏನಂದಳು?”

“ಅವರನ್ನ ಇನ್ನೂ ಕೇಳಿಲ್ಲ.”

“ಬೂದಿ ಎಲ್ಲಾ ಜರಡಿ ಹಿಡೀತಾನಂತೆ, ಒಲೆ ಮುಂದೆ ಕೂತೋಳನ್ನ ಕೇಳಲ್ವಂತೆ. ಎದ್ದು ಹೋಗು.”

ಫೋನು ಇಟ್ಟ ಮೇಲೂ ಒಂದು ನಿಮಿಷ ಕಿವಿಗೆ ಹಿಡಿದೇ ಇದ್ದೆ. ಹೆಂಡತಿ ಇದ್ದಿದ್ದರೆ ಇದೇ ಮಾತನ್ನು ಇನ್ನೂ ಮೆತ್ತಗೆ ಹೇಳುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳಿಲ್ಲದ್ದು ಬಹಳ ಕಷ್ಟವಾಗುತ್ತದೆ.

*

ಟಿಕೆಟ್ ಕಿಟಕಿಯ ಹಿಂದಿನ ಕೋಣೆ ಕಪಾಟಿನಷ್ಟೇ ಇತ್ತು. ಒಂದು ಕುರ್ಚಿ, ಒಂದು ಹೀಟರು, ಟಿಕೆಟ್ ಪುಸ್ತಕ. ಮಗಳು ಹಿತ್ತಲಿನಲ್ಲಿ ಕಲ್ಲು ಕೆತ್ತುವವನ ಜೊತೆ ಮಾತಾಡುತ್ತಿದ್ದಳು. ನಾನು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ನಿಂತೆ.

“ಟಿಕೆಟ್ ಬೆಳಿಗ್ಗೆಯೇ ಕೊಟ್ಟೆ,” ಎಂದರು ಟಿಕೆಟ್ಟಮ್ಮ, ತಲೆ ಎತ್ತದೆ.

“ಟಿಕೆಟ್ಟಿಗೆ ಬರಲಿಲ್ಲ ತಾಯಿ. ಅವತ್ತು ಹಲಗೆ ನಿಮ್ಮ ಕೈಯಲ್ಲಿತ್ತಂತೆ.”

ಟಿಕೆಟ್ ಪುಸ್ತಕದ ಮೇಲಿದ್ದ ಅವರ ಬೆರಳು ಅಲ್ಲಾಡಲಿಲ್ಲ. ಆಮೇಲೆ ತಲೆ ಎತ್ತಿದರು. ಮಗಳದ್ದೇ ಕಣ್ಣುಗಳು.

“ಅವಳಿಗೆ ಹೇಳಿದ್ರಾ?”

“ಇಲ್ಲ.”

“ಹೇಳೋದಾದ್ರೆ ಪೂರ್ತಿ ಹೇಳಿ. ಇತ್ತು. ನನ್ನ ಕೈಯಲ್ಲಲ್ಲ, ಹಣೆಬರಹದಲ್ಲೇ ಇತ್ತು.” ಅವರ ದನಿ ಬಳಸದೆ ಇಟ್ಟ ಬಾಗಿಲಿನಂತೆ ಕಿರುಗುಟ್ಟಿತು. “ಅವರು ಬಿಲ್ಲೆ ಒಪ್ಪಿಸದೆ ಹೋದ್ರು ಅನ್ನೋದು ಸುಳ್ಳು. ನನ್ನ ಕೈಗೇ ಕೊಟ್ಟು ಹೋದ್ರು. ಆಮೇಲೆ ಏನಾಯ್ತೋ. ಆ ಗಡಿಬಿಡೀಲಿ ಬೇರೆ ಯಾರೋ ತಮ್ಮದು ಅಂತ ಅವರ ಬಿಲ್ಲೆ ತಗೊಂಡುಬಿಟ್ರು ಅನ್ಸುತ್ತೆ, ನಾನು ನೋಡ್ಲಿಲ್ಲ. ಕೊಕ್ಕೆ ಖಾಲಿ ಇತ್ತು. ಖಾಲಿ ಅಂತ ಕೂಗಿದೆ. ಗಂಡನ್ನ ಒಳಗೆ ಬಿಟ್ಟು ಖಾಲಿ ಅಂತ ಕೂಗಿದೋಳು ನಾನು.”

“ಯಾರೂ ತಗೊಂಡಿರಲಿಲ್ಲ ತಾಯಿ. ಬಿಲ್ಲೆ ಹಲಗೆಯಲ್ಲೇ ಇತ್ತು. ಆ ಫೋಟೊದಲ್ಲಿ ಕಾಣುತ್ತೆ.”

“ಹಲಗೆಯಲ್ಲಾ?”

“ನೀವು ಅದನ್ನ ರಜೆ ಕೊಕ್ಕೆಯಿಂದ ತೆಗೆಯೋದು ಮರೆತಿರಿ, ಅಲ್ಲೇ ಉಳೀತು ಅಂತ ಯಜಮಾನರು—”

“ಎಲ್ಲಿ ಉಳೀತು?”

“ರಜೆಯ ಕೊಕ್ಕೆಯಲ್ಲಿ. ಬೆನ್ನು ತಿರುಗಿಸಿಕೊಂಡು.”

ಅವರು ಎದ್ದು ನಿಂತರು. ನನ್ನ ಭುಜಕ್ಕೂ ಬರದ ಎತ್ತರ. ಕೈ ಎಟುಕುವಷ್ಟು ಮೇಲಕ್ಕೆ ಚಾಚಿ ಗೋಡೆಯ ಮೇಲೆ ಬೆರಳಿಟ್ಟರು.

“ಹಲಗೆ ಠಾಣೆ ಗೋಡೇಲಿದ್ದಾಗ ರಜೆ ಕೊಕ್ಕೆ ಇದಕ್ಕಿಂತ ಒಂದು ಗೇಣು ಮೇಲಿತ್ತು. ನಂಗೆ ಎಟುಕ್ತಿರಲಿಲ್ಲ. ಅವರೇ ಕೈ ಹಾಕಿ ಬಿಲ್ಲೆ ಇಳಿಸಿ ನನ್ನ ಅಂಗೈಯಲ್ಲಿ ಇಟ್ರು. ಬಸ್ ತಪ್ಪಿಹೋಯ್ತು ಅಂತ ನಕ್ಕರು. ಗೋದಾಮಿನ ಬಾಗಿಲಲ್ಲಿ ನಾನು ಅದನ್ನ ಸಾಲಿನ ಮೊದಲನೇ ಕೊಕ್ಕೆಗೆ ಹಾಕಿದೆ. ಮೊದಲು ಒಳಗೆ ಹೋದೋರು ಅವರೇ, ಅವರ ಪಕ್ಕದಲ್ಲೇ ಉಳಿದೋರದ್ದು ಹಾಕ್ತಾ ಬಂದೆ. ಇದು ಮರೆಯೋ ಮಾತಲ್ಲ ಸ್ವಾಮಿ.”

“ಹಲಗೆ ಒಂದು ಸಲವಾದ್ರೂ ಕೈ ಬಿಟ್ರಾ?”

“ಒಂದೇ ಸಲ. ಪಕ್ಕದೂರಿನ ಗಾಡಿ ಕರೆಸು ಅಂದ್ರು, ಫೋನಿಗೆ ಓಡಿದೆ. ಬಂದಾಗ ಮೊದಲನೇ ಕೊಕ್ಕೆ ಖಾಲಿ ಇತ್ತು. ಬಂದಿದ್ದಾರೆ ಅಂದ್ಕೊಂಡೆ.”

“ಅಷ್ಟು ಹೊತ್ತು ಹಲಗೆ ಯಾರ ಕೈಯಲ್ಲಿತ್ತು?”

ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ.

“ದೊಡ್ಡಪ್ಪನ ಕೈಯಲ್ಲಿ. ಉಳಿದೋರೆಲ್ಲ ಒಳಗಿದ್ರು,” ಎಂದಳು ಮಗಳು.

ಗೊಂಚಲಿನ ಸದ್ದಿಲ್ಲದೆ ಅವಳು ಬಂದದ್ದು ಅದೇ ಮೊದಲು. ಕೀಲಿಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೇಳಿಸಿಕೊಳ್ಳಬೇಕಾದ್ದನ್ನೆಲ್ಲ ಕೇಳಿಸಿಕೊಂಡಿದ್ದಳು.

“ನಿಂಗೆ ಗೊತ್ತಿತ್ತು,” ಎಂದಳು ಅಮ್ಮನಿಗೆ. “ಅಪ್ಪ ಬಿಲ್ಲೆ ಕೊಟ್ಟೇ ಹೋದ್ರು ಅಂತ ನಿಂಗೆ ಗೊತ್ತಿತ್ತು. ನಾನು ದಿನಾ ಆ ಚೀಟಿ ಓದ್ತಿದ್ದೆ ಅಮ್ಮ.”

ಟಿಕೆಟ್ಟಮ್ಮ ಮಗಳ ಕಡೆಗೆ ಕೈ ಚಾಚಿದರು. ಆ ಕೋಣೆ ಎಷ್ಟು ಚಿಕ್ಕದೆಂದರೆ ಕೈ ಚಾಚಿದರೆ ತಾಗಲೇಬೇಕು. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು.

ನಾನು ಬೂದಿ ಜರಡಿ ಹಿಡಿಯುವುದನ್ನು ಕಲಿತವನು. ಇದನ್ನು ನೋಡುತ್ತ ನಿಲ್ಲುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಮೇಜಿನ ಮೇಲಿನ ಕಾಗದ ಎಳೆದುಕೊಂಡು ಬರೆಯತೊಡಗಿದೆ. ಬಿಲ್ಲೆ ಒಪ್ಪಿಸಲಾಗಿತ್ತು. ಹಲಗೆ ಹಿಡಿದವರಿಂದ ತಪ್ಪಾಗಿಲ್ಲ. ಬಿಲ್ಲೆಯನ್ನು ಇನ್ನೊಂದು ಕೈ ಸ್ಥಳಾಂತರಿಸಿದೆ. ಮೂರೇ ಸಾಲು. ತಾಯಿಗೂ ಮಗಳಿಗೂ ಒಟ್ಟಿಗೆ ಸಲ್ಲುವ ಮೂರು ಸಾಲು ಎಂದುಕೊಂಡೆ. ನನಗೇ ಸ್ವಲ್ಪ ಹೆಮ್ಮೆಯಾಯಿತು.

ಕಿಟಕಿಯ ಆಚೆ ಯಾರೋ ಗಾಜನ್ನು ಬೆರಳಿನಿಂದ ತಟ್ಟಿದರು. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು.

“ಏನಮ್ಮಾ, ಸಾಹೇಬ್ರು ಬರೆದುಕೊಟ್ರಾ?” ಎಂದರು ಕನ್ನಡಕದ ಯಜಮಾನರು.

ಮಗಳು ಹೊರಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ಬಂದು, ಟಿಕೆಟ್ ಕೊಡುವ ಕಂಡಿಯ ಮೂಲಕವೇ ಮಾತಾಡಿದಳು.

“ದೊಡ್ಡಪ್ಪ, ಅಮ್ಮ ಬಿಲ್ಲೇನ ಮೊದಲನೇ ಕೊಕ್ಕೆಗೆ ಹಾಕಿದ್ದಳಂತೆ. ಅವಳು ಫೋನಿಗೆ ಹೋದಾಗ ಹಲಗೆ ನಿಮ್ಮ ಹತ್ರ ಇತ್ತು. ಆ ತುದಿಗೆ ಹೇಗೆ ಹೋಯ್ತು?”

ಯಜಮಾನರು ನನ್ನನ್ನು ನೋಡಿದರು. ಆಮೇಲೆ ಅವಳನ್ನು. ಅಂಗಡಿಯವರ ಮುಖ ಕಳಚಿ ಬಿತ್ತು. ಅದರ ಹಿಂದೆ ಬಹಳ ದಣಿದ ಒಬ್ಬ ಮುದುಕ ಇದ್ದ.

“ಕೇಳಬೇಡ ಮಗಳೇ.”

“ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡ್ಕೊಂಡಿದ್ದೀನಿ ಅಂತ ಸುಳ್ಳು ಹೇಳ್ತಿದ್ರಿ. ಇದನ್ನಾದ್ರೂ ನಿಜ ಹೇಳಿ.”

“ಹಲಗೆ ನನ್ನ ಹತ್ರ ಇತ್ತು. ಬಿಲ್ಲೆ ನಾನು ಮುಟ್ಟಲಿಲ್ಲ,” ಎಂದರು. “ನಿಮ್ಮಪ್ಪ ಹೊರಗೆ ಬಂದ. ಗಾಯ ಇಲ್ಲ, ಏನಿಲ್ಲ. ತನ್ನ ಬಿಲ್ಲೆ ತಾನೇ ತೆಗೆದ. ತಿರುಗಿಸಿ ರಜೆ ಕೊಕ್ಕೆಗೆ ಹಾಕಿದ. ‘ನಾನು ಊರಲ್ಲಿಲ್ಲ ಅಂದ್ಕೋ’ ಅಂದ. ಮತ್ತೆ ಒಳಗೆ ಹೋದ.”

ನನ್ನ ಕೈಯಲ್ಲಿದ್ದ ಕಾಗದದ ಶಾಯಿ ಇನ್ನೂ ಹಸಿಯಾಗಿತ್ತು. ಅವರ ಮಾತು ನಿಜವಾದರೆ ಅದರ ಮೂರೂ ಸಾಲು ಸುಳ್ಳು. ತನ್ನನ್ನು ಯಾರೂ ಹುಡುಕಿ ಬರಬಾರದೆಂದು ತಾನೇ ಬಿಲ್ಲೆ ತಿರುಗಿಸಿ ಬೆಂಕಿಗೆ ಹೋದವನ ಹೆಸರಿಗೆ ಗೋಡೆಯ ಮೇಲೆ ಎಂದೆಂದಿಗೂ ಜಾಗವಿಲ್ಲ.

“ಸುಳ್ಳು,” ಎಂದಳು ಮಗಳು. ಅಮ್ಮನ ಕಡೆ ತಿರುಗಿದಳು. “ಅಮ್ಮ, ಸುಳ್ಳು ಅಂತ ಹೇಳು.”

ಟಿಕೆಟ್ಟಮ್ಮ ಕುರ್ಚಿಯಲ್ಲಿ ಮೆಲ್ಲನೆ ಕೂತರು. ಹೇಳಲಿಲ್ಲ.